ಪೇಸಾಹ್ ಅಕ್ಕಿ ಆರಿಸುವ ಕಣ್ಣು

ಬುಲೋರ್ ಖೋಲಾ ಇನ್ನೂ ಅಕ್ಕಿಗೆ ಕೈ ಹಾಕಿಲ್ಲ. ಅಂಗಳದ ಮರದ ಮಂಚದ ಮೇಲೆ ಬಿಳಿ ಬಟ್ಟೆ ಹಾಸಿ, ಗಾಳಿಗೆ ಹಾರದಂತೆ ಮೂಲೆಗಳಿಗೆ ತೊಳೆದ ಕಲ್ಲು ಇಟ್ಟು, ಎದುರಿನ ಗೋಡೆಯನ್ನೇ ಕಾಯುತ್ತ ಕೂತಿದ್ದಾರೆ. ಆ ಮಣ್ಣಿನ ಗೋಡೆ ದಾಟಿ ಬಿಸಿಲು ಮಂಚಕ್ಕೆ ಇಳಿಯಬೇಕು. ಅಲ್ಲಿಯವರೆಗೆ ಚೀಲದ ಬಾಯಿ ಬಿಚ್ಚುವಂತಿಲ್ಲ. ಪೇಸಾಹ್ ಹಬ್ಬದ ಅಕ್ಕಿಯನ್ನು ದೀಪದ ಬೆಳಕಿನಲ್ಲಿ ಆರಿಸಿದರೆ ಅದು ಆರಿಸಿದ ಹಾಗಲ್ಲ ಎಂದು ಅವರ ಅತ್ತೆ ಹೇಳುತ್ತಿದ್ದರಂತೆ. ಇವರೂ ಹಾಗೆಯೇ ನಡೆದುಕೊಂಡು ಬಂದಿದ್ದಾರೆ. ಮೋಡ ಮುಚ್ಚಿದ ದಿನ ಕೆಲಸಕ್ಕೆ ರಜೆ.

ಬುಖಾರಾದಲ್ಲಿ ಈ ತಿಂಗಳ ಬೆಳಗು ಇನ್ನೂ ಮೂಳೆ ಕೊರೆಯುತ್ತದೆ. ಇವರ ಬಗ್ಗೆ ಪತ್ರಿಕೆಗೆ ಬರೆಯಲೆಂದು ಬಂದ ನಾನು ಶಾಲಿನ ಮೇಲೆ ಶಾಲು ಹೊದ್ದು ನಡುಗುತ್ತಿದ್ದರೆ ಖೋಲಾ ತೆಳುವಾದ ಹತ್ತಿಯ ಅಂಗಿಯಲ್ಲಿ ಕೂತಿದ್ದಾರೆ. ಉಣ್ಣೆ ತೊಟ್ಟರೆ ಅದರ ಎಳೆಗಳಲ್ಲಿ ಏನಾದರೂ ಸಿಕ್ಕಿಕೊಂಡು ಬರುತ್ತದೆ ಎಂಬ ಭಯ. ಅಂಗಿಯ ಜೇಬುಗಳನ್ನು ಹೊಲಿದು ಮುಚ್ಚಿದ್ದಾರೆ. ಜೇಬು ಅಂದಮೇಲೆ ಅದರಲ್ಲೊಂದು ರೊಟ್ಟಿಯ ಚೂರು ಇದ್ದೇ ಇರುತ್ತದೆ ಎಂದು ಅವರು ನಂಬಿದ್ದಾರೆ. ಎದ್ದಾಗಿನಿಂದ ಬರೀ ಚಹಾ ಕುಡಿದಿದ್ದಾರೆ. ರೊಟ್ಟಿ ಮುಟ್ಟಿದ ಕೈಯನ್ನು ಎಷ್ಟು ತೊಳೆದರೂ ಅಕ್ಕಿಗೆ ಹಾಕಲು ಅವರಿಗೆ ಮನಸ್ಸು ಬರುವುದಿಲ್ಲ.

“ಸೂರ್ಯನಿಗೂ ವಯಸ್ಸಾಯ್ತು ನೋಡು,” ಎನ್ನುತ್ತಾರೆ ಖೋಲಾ. “ಮೊದಲೆಲ್ಲ ಇಷ್ಟೊತ್ತಿಗೆ ಹಾರ್ಕೊಂಡು ಬರ್ತಿದ್ದ. ಈಗ ನನ್ನ ಹಾಗೇ ಸೊಂಟ ಹಿಡ್ಕೊಂಡು ಏಳ್ತಾನೆ.”

ಬಿಸಿಲು ಬರುತ್ತದೆ. ಅವರು ಚೀಲದಿಂದ ಎರಡು ಬೊಗಸೆ ಅಕ್ಕಿ ತೆಗೆದು ಬಟ್ಟೆಯ ಮೇಲೆ ಹರಡುತ್ತಾರೆ. ತೋರುಬೆರಳಿನಿಂದ ನಾಲ್ಕೈದು ಕಾಳುಗಳನ್ನು ಗುಡ್ಡೆಯಿಂದ ಬಿಡಿಸಿ ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ, ನೋಡುತ್ತಾರೆ, ಪಕ್ಕಕ್ಕೆ ಸರಿಸುತ್ತಾರೆ, ಮತ್ತೆ ನಾಲ್ಕೈದು. ವಿಚಿತ್ರವೆಂದರೆ ಅವರ ಮುಖ ಅಕ್ಕಿಯ ಕಡೆಗೆ ಇಲ್ಲ. ಕತ್ತನ್ನು ಒಂದು ಕಡೆಗೆ ತಿರುಗಿಸಿ, ಹಿತ್ತಲ ಬಾಗಿಲನ್ನು ನೋಡುವವರ ಹಾಗೆ ಕೂತು, ಕಣ್ಣಂಚಿನಿಂದ ಕಾಳು ಹುಡುಕುತ್ತಾರೆ. ನಾನು ಎದುರು ಕೂತಿದ್ದಕ್ಕೆ ಸಂಕೋಚವೇನೋ ಅಂದುಕೊಂಡು ಸ್ವಲ್ಪ ದೂರ ಸರಿಯುತ್ತೇನೆ.

“ನಿನ್ನಿಂದ ಅಲ್ಲ, ಕೂತ್ಕೋ,” ಎಂದು ನಗುತ್ತಾರೆ. “ನೇರ ನೋಡಿದ್ರೆ ಕಾಳು ಮಾಯ ಆಗಿಬಿಡುತ್ತೆ. ಹೀಗೆ ಓರೆಗಣ್ಣಲ್ಲಿ ನೋಡಿದ್ರೆ ಬಂದು ಕೂತ್ಕೊಳ್ಳುತ್ತೆ. ನಮ್ಮನೆಯವರು ಇದ್ದಿದ್ರೆ, ಈ ವಯಸ್ಸಲ್ಲಿ ಯಾರಿಗೆ ಕಣ್ಣು ಹೊಡೀತಿದೀಯೇ ಅಂತ ಕೇಳಿರೋರು.”

ಯಾರ ತಾಯಿಗೂ ತಂಗಿಯಲ್ಲದಿದ್ದರೂ ನಮ್ಮ ಯೆಹೂದಿ ಓಣಿಗೆಲ್ಲ ಅವರು ಖೋಲಾ, ಚಿಕ್ಕಮ್ಮ. ಎಪ್ಪತ್ತು ದಾಟಿದೆ. ಪುರಿಮ್ ಹಬ್ಬ ಮುಗಿದ ಮರುದಿನದಿಂದ ಪೇಸಾಹ್‌ವರೆಗಿನ ಒಂದು ತಿಂಗಳು ಅವರ ಕೆಲಸದ ಕಾಲ. ಆ ಎಂಟು ದಿನದ ಹಬ್ಬದಲ್ಲಿ ನಮ್ಮ ಮನೆಗಳಲ್ಲಿ ರೊಟ್ಟಿಯಿಲ್ಲ, ಹಿಟ್ಟಿಲ್ಲ. ಹುಳಿ ಬಂದ ಅಥವಾ ಬರಬಹುದಾದ ಗೋಧಿಯ ಒಂದು ಕಣವೂ ಹೊಸ್ತಿಲೊಳಗೆ ಇರಬಾರದು. ಬೇರೆ ಸೀಮೆಯ ನಮ್ಮವರಲ್ಲಿ ಅಕ್ಕಿಯನ್ನೂ ಬಿಟ್ಟವರಿದ್ದಾರೆ. ಬುಖಾರಾದವರಿಗೆ ಅದು ಸಾಧ್ಯವಿಲ್ಲ. ಕೊತ್ತಂಬರಿ ಅರೆದು ಹಾಕಿದ ಹಸಿರು ಪಲಾವ್ ಇಲ್ಲದ ಪೇಸಾಹ್ ಎಂದರೆ ನಮಗೆ ಸಾವಿನ ಮನೆಯ ಊಟ.

ಆದರೆ ಪೇಟೆಯಲ್ಲಿ ಅಕ್ಕಿಯ ಮೂಟೆಯ ಪಕ್ಕದಲ್ಲೇ ಗೋಧಿಯ ಮೂಟೆ ಇರುತ್ತದೆ. ಎರಡಕ್ಕೂ ಒಂದೇ ಸೇರು, ಒಂದೇ ಕೈ. ಹಾಗಾಗಿ ಹಬ್ಬದ ಅಕ್ಕಿಯನ್ನು ಏಳು ಸಲ ಆರಿಸಬೇಕು. ಬಿಳಿ ಅಕ್ಕಿಯಾದರೆ ಪರವಾಗಿಲ್ಲ. ಪಲಾವಿಗೆ ನಮ್ಮವರು ಆಸೆಪಡುವುದು ದೇವ್‌ಜಿರಾ ಅಕ್ಕಿಗೆ. ಅದರ ಮೈತುಂಬ ಕೆಂಪು ಪುಡಿ ಅಂಟಿರುತ್ತದೆ. ಆ ಕೆಂಪಿನೊಳಗೆ ಕೆಂಪು ಗೋಧಿಕಾಳೊಂದು ಕೂತರೆ ಹುಡುಗಿಯರ ಕಣ್ಣಿಗೂ ಬೀಳುವುದಿಲ್ಲ. ದೇವ್‌ಜಿರಾ ಆರಿಸುವುದರಲ್ಲಿ ಬುಲೋರ್ ಖೋಲಾ ಎತ್ತಿದ ಕೈ.

“ಗೋಧಿಗೆ ಹೊಟ್ಟೆ ಮೇಲೆ ಗೆರೆ ಇರುತ್ತೆ,” ಎಂದು ಬೆರಳ ತುದಿಗಳನ್ನು ಒಂದಕ್ಕೊಂದು ಉಜ್ಜಿ ತೋರಿಸುತ್ತಾರೆ. “ಕಣ್ಣಿಗೆ ಅನುಮಾನ ಬಂದ್ರೆ ಬೆರಳಿಗೆ ಕೊಡ್ತೀನಿ. ಹೀಗೆ ಉರುಳಿಸಿದ್ರೆ ಆ ಗೆರೆ ತಾಕುತ್ತೆ. ಅಕ್ಕಿ ನುಣ್ಣಗಿರುತ್ತೆ. ಆದ್ರೆ ಮೊದಲು ಅನುಮಾನ ಬರ್ಬೇಕಲ್ಲ ಮಗಳೇ. ಕಾಣ್ದೇ ಇದ್ರೆ ಅನುಮಾನ ಎಲ್ಲಿಂದ ಬರುತ್ತೆ?”

ಓಣಿಯಲ್ಲಿ ಈಗ ಎಲ್ಲಿ ನೋಡಿದರೂ ಸುಣ್ಣದ ವಾಸನೆ. ಒಂದೊಂದು ಮನೆಯೂ ಒಳಗಿನದನ್ನೆಲ್ಲ ಹೊರಗೆ ಹಾಕಿಕೊಂಡು ಕೂತಿದೆ. ಕೌದಿಗಳನ್ನು ಬಡಿಯುತ್ತಿದ್ದಾರೆ, ಪುಸ್ತಕಗಳನ್ನು ಬೆನ್ನು ಹಿಡಿದು ಕೊಡವುತ್ತಿದ್ದಾರೆ, ಗಂಡಸರ ಕೋಟಿನ ಜೇಬುಗಳನ್ನು ತಿರುಗಿಸಿ ಬಿಸಿಲಿಗೆ ಹಾಕಿದ್ದಾರೆ. ಕಡಾಯಿಗಳಿಗೆ ಬೂದಿ ತಿಕ್ಕುವ ಸದ್ದು ಬೆಳಗಿನಿಂದ ಸಂಜೆಯವರೆಗೆ ನಿಲ್ಲುವುದಿಲ್ಲ. ನೆಲಕ್ಕೆ ಬಿದ್ದ ರೊಟ್ಟಿಯನ್ನು ಎತ್ತಿ ಮುತ್ತಿಟ್ಟು ಎತ್ತರದಲ್ಲಿ ಇಡುವ ಊರು ಇದು. ಅದೇ ರೊಟ್ಟಿಯನ್ನು ಈಗ ನಾವು ಕಳ್ಳನನ್ನು ಹುಡುಕಿದ ಹಾಗೆ ಮೂಲೆಮೂಲೆಯಲ್ಲಿ ಹುಡುಕಿ ಹೊರಗಟ್ಟುತ್ತೇವೆ.

ಹೊರಗಟ್ಟಿದ್ದೆಲ್ಲ ಸೇರುವುದು ಸನೋಬರ್ ಮನೆಗೆ. ಖೋಲಾ ಮನೆಯ ಗೋಡೆಗೆ ಅಂಟಿಕೊಂಡೇ ಇರುವ ತಾಜಿಕ್ ಹೆಂಗಸು ಸನೋಬರ್. ಅವಳ ಹಟ್ಟಿಯಲ್ಲಿ ಎರಡು ಹಸುಗಳಿವೆ. ಉಳಿದ ಹಿಟ್ಟು, ನೂಡಲ್ಸು, ಒಣ ರೊಟ್ಟಿ ಎಲ್ಲವನ್ನೂ ಹಬ್ಬಕ್ಕೆ ಮುಂಚೆ ಅವಳೇ ಬಂದು ಒಯ್ಯುತ್ತಾಳೆ.

“ನಿಮ್ಮ ಹಬ್ಬ ಬಂದ್ರೆ ಮೊದಲು ದಪ್ಪಗಾಗೋದು ನಮ್ಮ ಹಸು ಕಣ್ರೀ,” ಎಂದು ಗೋಡೆಯ ಮೇಲಿಂದ ತಲೆ ಹಾಕಿ ನಗುತ್ತಾಳೆ. ಮಂಚದ ಮೇಲಿದ್ದ ಒಂದೇ ಚೀಲವನ್ನು ನೋಡಿ ನಗು ನಿಲ್ಲಿಸುತ್ತಾಳೆ. “ಖೋಲಾ, ಇಷ್ಟೇನಾ ಈ ಸಲ?”

“ಇಷ್ಟೇ ಸಾಕು. ನಿಧಾನವಾಗಿ ಮಾಡ್ಬಹುದು,” ಎನ್ನುತ್ತಾರೆ ಖೋಲಾ, ಕತ್ತು ತಿರುಗಿಸಿದಂತೆಯೇ.

ಮೊದಲು ಈ ಗೋಡೆಯುದ್ದಕ್ಕೂ ಚೀಲಗಳು ಸಾಲಾಗಿ ನಿಂತಿರುತ್ತಿದ್ದವು. ಗುರುತಿಗೆಂದು ಒಬ್ಬರು ಕೆಂಪು ದಾರ ಕಟ್ಟಿದರೆ ಇನ್ನೊಬ್ಬರು ಗುಂಡಿ ಹೊಲಿದಿರುತ್ತಿದ್ದರು. ನಮ್ಮ ಮನೆಯ ಚೀಲಕ್ಕೆ ಅಮ್ಮನ ಹಳೆಯ ಸ್ಕಾರ್ಫಿನ ಚೂರು ಇರುತ್ತಿತ್ತು. ಈಗ ಓಣಿಯಲ್ಲಿ ಉಳಿದಿರುವುದೇ ಹತ್ತು ಹನ್ನೆರಡು ಮನೆ. ಆದರೆ ಚೀಲ ಒಂದೇ ಆಗಿರುವುದಕ್ಕೆ ಅದು ಕಾರಣವಲ್ಲ. ಹೋದ ವರ್ಷವೂ ಇಷ್ಟೇ ಮನೆಗಳಿದ್ದವು, ಆಗ ಎಲ್ಲ ಮನೆಯ ಚೀಲಗಳೂ ಇಲ್ಲಿಗೇ ಬಂದಿದ್ದವು.

ಬುಲೋರ್ ಖೋಲಾ ಹುಡುಗಿಯಾಗಿದ್ದಾಗಲೇ ಜರಿ ಕಸೂತಿಯ ಕಾರ್ಖಾನೆಗೆ ಸೇರಿದವರು. ಮಖಮಲ್ಲಿನ ಮೇಲೆ ಚಿನ್ನದ ಎಳೆ ಕೂರಿಸುವ ಕೆಲಸ. ಮದುಮಗನ ನಿಲುವಂಗಿ, ಮದುಮಗಳ ಟೋಪಿ, ದೊಡ್ಡವರ ಮನೆಯ ಗೋಡೆಗೆ ಹಾಕುವ ಪರದೆ. ದಿನವಿಡೀ ಚೌಕಟ್ಟಿನ ಮೇಲೆ ಬಗ್ಗಿ ಕೂತು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸೂಜಿ ಆಡಿಸಿದರು. ಗಂಡ ಬಸ್ಸು ಓಡಿಸುತ್ತಿದ್ದರು, ತೀರಿಹೋಗಿ ಬಹಳ ಕಾಲವಾಯಿತು. ಮಕ್ಕಳಾಗಲಿಲ್ಲ. ಹಬ್ಬದ ಅಕ್ಕಿಯ ಕೆಲಸ ಅತ್ತೆಯಿಂದ ಬಂದದ್ದು. ಸೊಸೆಯಾಗಿ ಬಂದ ಮೊದಲ ವಸಂತದಲ್ಲೇ ಅತ್ತೆ ಅವರನ್ನು ಇದೇ ಮಂಚದ ಮೇಲೆ ಕೂರಿಸಿದ್ದರು.

“ನನ್ನತ್ತೆ ಬಲು ಜೋರು,” ಎಂದು ನೆನೆಯುತ್ತಾರೆ. “ಏಳನೇ ಸಲ ಆರಿಸ್ಬೇಕಾದ್ರೆ ನಾನು ಆಕಳಿಸಿದ್ರೆ ಸಾಕು, ಎಲ್ಲ ಅಕ್ಕೀನೂ ಮತ್ತೆ ಚೀಲಕ್ಕೆ ಸುರಿದು, ಮೊದಲಿಂದ ಮಾಡು ಅನ್ನೋರು. ನಾನು ಅತ್ತಿದೀನಿ ಇಲ್ಲಿ ಕೂತು. ಆಮೇಲೆ ಅವರೇ ಓಣಿಯವರಿಗೆ ಹೇಳಿದ್ರು, ನನಗೆ ಕಣ್ಣು ಸಾಲಲ್ಲ, ಇನ್ಮೇಲೆ ಬುಲೋರ್ ಹತ್ರ ಕೊಡಿ ಅಂತ. ಆ ದಿನ ನನಗೆ ರೇಷ್ಮೆ ಅಂಗಿ ಕೊಟ್ಟಿದ್ರೂ ಅಷ್ಟು ಖುಷಿ ಆಗ್ತಿರ್ಲಿಲ್ಲ.”

ಇದಕ್ಕೆ ಕೂಲಿ ಎಂದು ಯಾರೂ ಕೊಟ್ಟಿದ್ದಿಲ್ಲ, ಇವರು ಕೇಳಿದ್ದೂ ಇಲ್ಲ. ಹಬ್ಬ ಕಳೆದ ಮೇಲೆ ಒಬ್ಬರು ಕಲ್ಲುಸಕ್ಕರೆ ತರುತ್ತಾರೆ, ಒಬ್ಬರು ಅಂಗಿಯ ಬಟ್ಟೆ, ಒಬ್ಬರು ಒಣ ಜರ್ದಾಲು ಹಣ್ಣು. ಪಿಂಚಣಿಯಲ್ಲಿ ಹೇಗೋ ದಿನ ಹೋಗುತ್ತದೆ. ಖೋಲಾಗೆ ಬೇಕಾಗಿದ್ದದ್ದು ಬೇರೆ. ಅದನ್ನು ಅವರು ಒಮ್ಮೆ ಮಾತ್ರ ಬಾಯಿಬಿಟ್ಟು ಹೇಳಿದರು. “ನನಗೆ ಮಕ್ಕಳಿಲ್ಲ, ನಾನು ಯಾರಿಗೂ ಉಣ್ಣಿಸಿದೋಳಲ್ಲ. ಆದ್ರೆ ಆ ಎಂಟು ದಿನ ಓಣಿಯೋರೆಲ್ಲ ನನ್ನ ಮಾತಿನ ಮೇಲೆ ಉಣ್ತಿದ್ರು. ಬುಲೋರ್ ಆರಿಸಿದ್ದು ಅಂದ್ರೆ ಮುಗೀತು, ಇನ್ನೊಂದು ಸಲ ಯಾರೂ ಬಗ್ಗಿ ನೋಡ್ತಿರ್ಲಿಲ್ಲ.”

ಜರಿಯ ಹೊಳಪು ನೋಡಿ ನೋಡಿ ಕಣ್ಣು ಹೋಯಿತು ಎಂದು ಓಣಿಯವರು ಹೇಳುತ್ತಾರೆ. ವಯಸ್ಸಿನಿಂದ ಎಂದು ಡಾಕ್ಟರು ಹೇಳಿದ್ದಾರೆ. ಎರಡೂ ಕಣ್ಣಿನ ನಡುವಿನ ನೋಟ ಸವೆದಿದೆ, ಅಂಚು ಉಳಿದಿದೆ. ಇದು ಪೊರೆಯಲ್ಲ, ಕತ್ತರಿಸಿ ತೆಗೆಯಲು ಬರುವುದಿಲ್ಲ, ಹೋದದ್ದು ಹೋಯಿತು ಎಂದು ತಾಷ್ಕೆಂಟಿನ ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದಾರೆ. ಖೋಲಾ ಆಗ ಅದನ್ನು ಯಾರಿಗೂ ಹೇಳಲಿಲ್ಲ. ಕತ್ತು ತಿರುಗಿಸಿ ನೋಡುವುದನ್ನು ಕಲಿತರು, ಬಿಸಿಲಲ್ಲಿ ಇನ್ನಷ್ಟು ಹೊತ್ತು ಕೂರುವುದನ್ನು ಕಲಿತರು, ಏಳು ಸಲದ ಮೇಲೆ ಇನ್ನೂ ಒಂದೆರಡು ಸಲ ಸುಮ್ಮನೆ ಆರಿಸತೊಡಗಿದರು.

ಹೋದ ಪೇಸಾಹ್‌ನ ನಡುವಿನ ದಿನಗಳಲ್ಲಿ ಸಿವ್ಯೋ ಮನೆಯಲ್ಲಿ ಒಂದು ಗೋಧಿಕಾಳು ಸಿಕ್ಕಿತು. ಸಿವ್ಯೋ ನಮ್ಮ ಓಣಿಯ ಕೊನೆಯ ಮನೆಯವಳು, ದೊಡ್ಡ ಸಂಸಾರ. ಅಂದು ಬೀಗರನ್ನು ಊಟಕ್ಕೆ ಕರೆದಿದ್ದಳು. ಹಸಿರು ಪಲಾವ್ ಬಡಿಸಿ ಎಲ್ಲರೂ ಒಂದೆರಡು ತುತ್ತು ಉಂಡಿದ್ದಾರೆ. ಅಳಿಯನ ಚಮಚದಲ್ಲಿ ಒಂದು ಕಾಳು ಉಳಿದವುಗಳಿಗಿಂತ ದಪ್ಪಗೆ, ಬೆಂದು ಉಬ್ಬಿ ಸೀಳಿಕೊಂಡು ಕೂತಿತ್ತು. ಅವನು ಚಮಚವನ್ನು ಕೆಳಗಿಟ್ಟನಂತೆ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಇಟ್ಟರಂತೆ. ಕಾಳು ಸೀಳಿದ್ದರೆ ಇಡೀ ಕಡಾಯಿಯೇ ಕೆಟ್ಟ ಹಾಗೆ. ಪಲಾವನ್ನು ಹಿತ್ತಲಲ್ಲಿ ಗುಂಡಿ ತೋಡಿ ಹಾಕಿದರು, ಕಡಾಯಿಯನ್ನು ಹಬ್ಬ ಮುಗಿಯುವವರೆಗೆ ಹೊರಗೆ ಕವುಚಿಟ್ಟರು, ಬೀಗರಿಗೆ ಬೇಯಿಸಿದ ಮೊಟ್ಟೆ ಕೊಟ್ಟು ಕಳಿಸಿದರು. ಆಗಲೇ ನುಂಗಿದ ಎರಡು ತುತ್ತಿಗೆ ಏನು ಮಾಡುವುದೆಂದು ಯಾರಿಗೂ ತಿಳಿಯಲಿಲ್ಲ.

ಮರುದಿನ ಸಿವ್ಯೋ ಖೋಲಾ ಮನೆಗೆ ಬಂದಳು. ಬೈಯಲಿಲ್ಲ. “ಖೋಲಾ, ನಮ್ಮ ಕಡಾಯೀಲಿ ಗೋಧಿ ಸಿಕ್ತು,” ಎಂದಳು, ಅಷ್ಟೇ. ಖೋಲಾ ಕೊಟ್ಟ ಚಹಾವನ್ನು ಕುಡಿದು, ಲೋಟ ತೊಳೆದಿಟ್ಟು ಹೋದಳು.

ಈ ವರ್ಷ ಪುರಿಮ್ ಕಳೆಯಿತು. ಖೋಲಾ ಮಂಚ ತೊಳೆದರು, ಬಟ್ಟೆ ಕುದಿಸಿ ಒಣಗಿಸಿದರು, ಕಾದರು. ಹಬ್ಬಕ್ಕೆ ಮುಂಚೆ ಮನೆಯ ಜೊತೆಗೆ ಮನಸ್ಸನ್ನೂ ಗುಡಿಸಿಕೊಳ್ಳುವುದು ನಮ್ಮಲ್ಲಿ ರೂಢಿ. ವರ್ಷದಲ್ಲಿ ಯಾರ ಜೊತೆ ಮಾತು ಬಿಟ್ಟಿದ್ದೇವೋ ಅವರ ಮನೆಗೆ ಹೋಗಿ ಮಾತಾಡಿಸಬೇಕು, ಬಾಯಿಗೆ ಬಂದದ್ದು ಅಂದಿದ್ದರೆ ಕ್ಷಮೆ ಕೇಳಬೇಕು. ಅದರಂತೆ ಓಣಿಯವರೆಲ್ಲ ಖೋಲಾ ಮನೆಗೆ ಬಂದರು. ಕೆನ್ನೆಗೆ ಕೆನ್ನೆ ತಾಗಿಸಿದರು, ಸೊಂಟನೋವು ವಿಚಾರಿಸಿದರು. ಅಕ್ಕಿಯ ಸುದ್ದಿಯನ್ನು ಯಾರೂ ಎತ್ತಲಿಲ್ಲ. ನಮ್ಮ ಮನೆಯ ಅಕ್ಕಿಯನ್ನೂ ಈ ಸಲ ನಮ್ಮ ಅತ್ತಿಗೆಯೇ ಆರಿಸುತ್ತಿದ್ದಾಳೆ. ನನಗೆ ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಅವಳನ್ನು ತಡೆಯುವ ಧೈರ್ಯ ನನಗೂ ಬರಲಿಲ್ಲ.

ಚೀಲ ತಂದವಳು ಇಸ್ತತ್ ಒಬ್ಬಳೇ. ಖೋಲಾಗಿಂತ ನಾಲ್ಕೈದು ವರ್ಷಕ್ಕೆ ಚಿಕ್ಕವಳು, ಒಂದೇ ಕಾರ್ಖಾನೆಯಲ್ಲಿ ಪಕ್ಕಪಕ್ಕದ ಚೌಕಟ್ಟಿನಲ್ಲಿ ಕೂತು ದುಡಿದವಳು. ಹಗಲಿನಲ್ಲೇ, ಓಣಿಯ ನಡುವೆ, ಎಲ್ಲರೂ ನೋಡುವ ಹಾಗೆ ಚೀಲವನ್ನು ತಲೆಯ ಮೇಲೆ ಹೊತ್ತು ಬಂದಳು. ಅದರ ಪರಿಣಾಮವೂ ಆಯಿತು. ಇಸ್ತತ್ ಕೊಟ್ಟಳಂತೆ, ಹಾಗಾದರೆ ನಾವೂ ಒಂದಿಷ್ಟು ಕೊಡಬಹುದೇನೋ ಎಂದು ಬಾವಿಕಟ್ಟೆಯ ಬಳಿ ಸಿವ್ಯೋ ಹೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ.

“ಇಸ್ತತ್ ಅಕ್ಕಿ ಸರಿಯಾಗಿ ಹೋಯ್ತು ಅಂದ್ರೆ ಮುಂದಿನ ಸಲ ನಾಲ್ಕು ಮನೆಯೋರು ಬರ್ತಾರೆ,” ಎಂದು ಖೋಲಾ ಮೊದಲ ದಿನ ನನಗೆ ಹೇಳಿದರು. “ಸಿವ್ಯೋ ಮನೇಲಿ ಆಗಿದ್ದು ನನ್ನಿಂದ ಅಲ್ಲ ಅಂತ ನನ್ನ ಮನಸ್ಸು ಹೇಳುತ್ತೆ. ಅವಳ ಮನೆ ತುಂಬ ಮಕ್ಕಳು. ಯಾವುದೋ ಕಿಸೆಯಿಂದ ಬಿದ್ದಿರುತ್ತೆ. ಅಲ್ವಾ?”

ನಾನು ಹೌದು ಎಂದೆ. ನಿಜ ಹೇಳಬೇಕೆಂದರೆ ಈ ಲೇಖನವನ್ನು ಒಪ್ಪಿಕೊಂಡದ್ದೇ ಅದಕ್ಕೆ. ಎಲೆಮರೆಯ ಕಾಯಿಯಂತೆ ಬದುಕಿದ ಹೆಂಗಸಿನ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯುವುದು, ಶನಿವಾರದ ಪುರವಣಿಯಲ್ಲಿ ಓದಿ ಓಣಿಯವರಿಗೆ ನಾಚಿಕೆಯಾಗುವುದು, ಗೋಡೆಯ ಬದಿಗೆ ಮತ್ತೆ ಚೀಲಗಳು ಬಂದು ನಿಲ್ಲುವುದು. ಇಷ್ಟೇ ನನ್ನ ಯೋಚನೆ. ಬುಲೋರ್ ಖೋಲಾ ಬಿಸಿಲಿದ್ದ ಬೆಳಗುಗಳಲ್ಲೆಲ್ಲ ಕೂತು ಆ ಒಂದು ಚೀಲವನ್ನು ಮುಗಿಸಿದರು. ಆರಿಸಿದ ಅಕ್ಕಿಯನ್ನು ಹೊಸ ಬಿಳಿ ಚೀಲಕ್ಕೆ ತುಂಬಿ, ಬಾಯಿ ಮಡಚಿ ಹೊಲಿದರು. ಆ ಹೊಲಿಗೆ ಹಾಕುವಾಗ ಅವರ ಮುಖ ಕಸೂತಿಯವಳ ಮುಖವಾಗಿತ್ತು. ಅದನ್ನು ಇಸ್ತತ್ ಮನೆಗೆ ನಾನೇ ಹೊತ್ತುಕೊಂಡು ಹೋಗಿ ಕೊಟ್ಟು ಬಂದೆ.

ಎರಡು ದಿನ ಬಿಟ್ಟು, ಲೇಖನಕ್ಕೆ ಇಸ್ತತ್‌ಳದೊಂದು ಮಾತು ಇರಲೆಂದು ಅವಳ ಮನೆಗೆ ಹೋದೆ. ಬೆಳಗಿನ ಹೊತ್ತು, ಆದರೂ ಬೀದಿಬಾಗಿಲು ಹಾಕಿತ್ತು. ನಮ್ಮ ಓಣಿಯಲ್ಲಿ ಹಗಲು ಬಾಗಿಲು ಹಾಕುವವರು ಯಾರು? ದೂಡಿಕೊಂಡು ಒಳಗೆ ಹೋದೆ. ಕಿಟಕಿಯ ಬಿಸಿಲಿನಲ್ಲಿ ಇಸ್ತತ್‌ಳ ಸೊಸೆ ಹೆವ್ಸಿ ಬಿಳಿ ಬಟ್ಟೆ ಹಾಸಿಕೊಂಡು ಅಕ್ಕಿ ಆರಿಸುತ್ತಿದ್ದಳು. ಖೋಲಾ ಹೊಲಿದ ಚೀಲ ಬಾಯಿ ಬಿಚ್ಚಿಕೊಂಡು ಪಕ್ಕದಲ್ಲಿ ಬಿದ್ದಿತ್ತು. ಕಿಟಕಿಯ ಕಟ್ಟೆಯ ಮೇಲೆ ಬಟ್ಟಲೊಂದರಲ್ಲಿ ಒಂದು ಗೋಧಿಕಾಳು ಇತ್ತು.

ಪಕ್ಕದಲ್ಲಿ ಕೂತಿದ್ದ ಇಸ್ತತ್ ಎದ್ದು ಬಾಗಿಲು ಹಾಕಿ ಬಂದಳು.

“ನೋಡ್ಬಿಟ್ಯಲ್ಲ, ಇನ್ನೇನು ಮುಚ್ಚಿಡೋದು. ಕೂತ್ಕೋ,” ಎಂದಳು.

“ಎರಡನೇ ಸಲ ಆರಿಸ್ಬೇಕಾದ್ರೆ ಸಿಕ್ತು ಅಕ್ಕಾ,” ಎಂದಳು ಹೆವ್ಸಿ. “ದೇವ್‌ಜಿರಾ ಪುಡೀಲಿ ಮುಳುಗಿತ್ತು. ನನಗೂ ಮೊದಲನೇ ಸಲ ಕಾಣ್ಲಿಲ್ಲ.”

“ನೀವು ಅವರಿಗೆ ಕೊಟ್ಟಿದ್ದು ಯಾಕೆ ಹಾಗಾದರೆ?” ಎಂದು ಕೇಳಿದೆ. ನನ್ನ ದನಿ ಗಟ್ಟಿಯಾಯಿತು.

“ಅಕ್ಕಿ ಆರಿಸ್ಲಿ ಅಂತ ಕೊಟ್ಟೆ ಅಂದ್ಕೊಂಡ್ಯಾ?” ಇಸ್ತತ್‌ಗೂ ಸಿಟ್ಟು ಬಂತು. “ಈ ತಿಂಗಳಲ್ಲಿ ಆ ಮಂಚ ಖಾಲಿ ಬಿದ್ರೆ ಬುಲೋರ್ ಉಳಿಯಲ್ಲ ಕಣೇ. ನನಗೆ ಗೊತ್ತು ಅವಳು. ಕೊಡೋದು ನನ್ನ ಕೆಲಸ. ಮತ್ತೆ ಆರಿಸೋದು ನನ್ನ ಸೊಸೆ ಕೆಲಸ. ಇನ್ಮೇಲೆ ಪ್ರತಿ ವರ್ಷ ಹೀಗೇ ಮಾಡ್ತೀವಿ. ಯಾರಿಗೇನು ನಷ್ಟ?”

“ನನ್ನ ಕಣ್ಣಿಗೆ ನಷ್ಟ,” ಎಂದಳು ಹೆವ್ಸಿ, ಅತ್ತೆಯ ಕಡೆ ನೋಡದೆ.

“ನಿನ್ನ ಕಣ್ಣಿಗೇನಾಗಿದೆ, ಬೆಕ್ಕಿನ ಕಣ್ಣು. ಆರಿಸು ಸುಮ್ನೆ.” ಆಮೇಲೆ ನನ್ನ ಕೈ ಹಿಡಿದುಕೊಂಡು ದನಿ ತಗ್ಗಿಸಿದಳು. “ಇದನ್ನ ಬರೀಬೇಡ. ಬುಲೋರ್ ಆರಿಸಿದ ಅಕ್ಕಿ ಬಂಗಾರದ ಹಾಗಿದೆ ಅಂತ ಇಸ್ತತ್ ಹೇಳಿದ್ಲು ಅಂತ ಬರಿ. ಅಷ್ಟು ಬರೆದ್ರೆ ನಿನ್ನ ಗಂಟೇನು ಹೋಗುತ್ತೆ?”

ಅವಳ ಒಳ್ಳೆಯತನಕ್ಕೆ ನನ್ನ ಹೊಟ್ಟೆ ತಣ್ಣಗಾಗಬೇಕಿತ್ತು. ಆದರೆ ಓಣಿಯುದ್ದಕ್ಕೂ ನಡೆದುಬರುವಾಗ ನನಗೆ ಬಾವಿಕಟ್ಟೆಯ ಸಿವ್ಯೋ ನೆನಪಾದಳು. ನಾನು ಇಸ್ತತ್ ಹೇಳಿದ ಹಾಗೆ ಬರೆಯುತ್ತೇನೆ, ಅದನ್ನು ಓದಿ ಸಿವ್ಯೋ ಚೀಲ ತರುತ್ತಾಳೆ, ಅವಳನ್ನು ನೋಡಿ ಇನ್ನೊಬ್ಬರು ತರುತ್ತಾರೆ. ಅವರೆಲ್ಲರ ಮನೆಯಲ್ಲಿ ಹೆವ್ಸಿ ಇಲ್ಲ. ಬೈದು ಹೇಳುವುದಕ್ಕೆ ಇಲ್ಲಿ ಒಬ್ಬ ಕೆಟ್ಟವರಾದರೂ ಇದ್ದಿದ್ದರೆ ನನಗೆ ಬರೆಯುವುದು ಸುಲಭವಾಗುತ್ತಿತ್ತು.

ಖೋಲಾ ಅಂಗಳದಲ್ಲಿ ಗೋಡೆಗೆ ಸುಣ್ಣ ಹೊಡೆಯುತ್ತಿದ್ದರು. ಹೊಡೆದ ಕಡೆಯೇ ಮತ್ತೆ ಹೊಡೆದು, ನಡುವೆ ದೊಡ್ಡ ಪಟ್ಟಿಗಳನ್ನು ಬಿಟ್ಟಿದ್ದರು. ನನ್ನ ಹೆಜ್ಜೆಯ ಸದ್ದು ಕೇಳಿ ಕುಂಚವನ್ನು ಬಕೆಟ್ಟಿನಲ್ಲಿ ಇಟ್ಟರು.

“ಇಸ್ತತ್ ಮನೆಗೆ ಹೋಗಿದ್ಯಾ?”

“ಹ್ಞೂ ಖೋಲಾ.”

“ಏನಂದ್ಲು?”

ಹೇಳಲು ಹೊರಟೆ. ಬಂಗಾರ ಎಂಬ ಮಾತು ಬಾಯಿಗೆ ಬಂತು, ಅಲ್ಲೇ ನಿಂತಿತು. ಖೋಲಾ ಕತ್ತು ತಿರುಗಿಸಿ, ಅಕ್ಕಿಯನ್ನು ನೋಡುವ ಹಾಗೆ ಕಣ್ಣಂಚಿನಿಂದ ನನ್ನನ್ನು ನೋಡುತ್ತ ನಿಂತರು. ನಾನು ತಲೆ ತಗ್ಗಿಸಿದೆ.

“ಎಷ್ಟು ಸಿಕ್ತು?” ಎಂದು ಕೇಳಿದರು.

“ಒಂದು.”

ಅವರು ಮಂಚದ ಅಂಚಿನಲ್ಲಿ ಕೂತರು. ಕೈಯಲ್ಲಿದ್ದ ಸುಣ್ಣವನ್ನು ಅಂಗಿಗೆ ಒರೆಸಿಕೊಂಡರು. ಗೋಡೆಯಾಚೆ ಸನೋಬರ್ ಹಸುವನ್ನು ಬೈಯುತ್ತಿದ್ದಳು.

“ಹಾಗಾದ್ರೆ ಸಿವ್ಯೋ ಮನೇದೂ ನಾನೇ,” ಎಂದರು ಕೊನೆಗೆ. “ಒಂದು ವರ್ಷ ಪೂರ್ತಿ ಆ ಮಕ್ಕಳನ್ನ ಮನಸ್ಸಲ್ಲೇ ಬೈಕೊಂಡು ಕೂತಿದ್ದೆ.”

“ಖೋಲಾ, ಹೆವ್ಸಿಗೂ ಮೊದಲ ಸಲ ಕಾಣಿಸಲಿಲ್ಲವಂತೆ.”

“ಅವಳಿಗೆ ಎರಡನೇ ಸಲ ಕಾಣ್ತಲ್ಲ. ನನಗೆ ಏಳು ಸಲಕ್ಕೂ ಕಾಣ್ಲಿಲ್ಲ. ಅದರ ಹಿಂದಿನ ವರ್ಷ ಏನಾಗಿರ್ಬಹುದು ಹೇಳು. ಅದಕ್ಕೂ ಹಿಂದಿನ ವರ್ಷ? ಸಿವ್ಯೋ ಅಳಿಯನ ಚಮಚಕ್ಕೆ ಬಂದಿದ್ದು ಒಂದು ಕಾಳು. ಯಾರ ಚಮಚಕ್ಕೂ ಬರ್ದೆ ಹೊಟ್ಟೆಗೆ ಹೋಗಿದ್ದು ಎಷ್ಟೋ. ನಿಮ್ಮಮ್ಮ ಕೊನೇ ಹಬ್ಬದಲ್ಲಿ ಉಂಡಿದ್ದು ನಾನು ಆರಿಸಿದ ಅಕ್ಕಿ. ಏನು ಉಣ್ಣಿಸಿದೀನೋ ಅವಳಿಗೆ.”

ಅವರು ಅತ್ತರು. ಮುಖ ಮುಚ್ಚಿಕೊಳ್ಳದೆ, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡೇ ಅತ್ತರು. ಅಮ್ಮನಿಗೆ ಏನೂ ಆಗಿಲ್ಲ, ತಿಳಿಯದೆ ಉಂಡದ್ದು ಪಾಪವಲ್ಲ ಎಂದೆಲ್ಲ ಹೇಳಿದೆ. ಯಾವುದೂ ಅವರ ಕಿವಿಗೆ ಬೀಳಲಿಲ್ಲ. ಬಿಳಿ ಬಟ್ಟೆ ಹಗ್ಗದ ಮೇಲೆ ಒಣಗುತ್ತಿತ್ತು, ಅದನ್ನು ತೆಗೆದು ಮಡಚೋಣವೆಂದರೆ ಬೇಡ ಎಂದರು. ಸನೋಬರ್ ಗೋಡೆಯ ಮೇಲಿಂದ ತಲೆ ಹಾಕಿ, ನಮ್ಮಿಬ್ಬರನ್ನು ನೋಡಿ, ಏನೂ ಕೇಳದೆ ಹಿಂದಕ್ಕೆ ಸರಿದಳು.

“ನೀನು ಬರೆದಿದ್ದು ಹಬ್ಬಕ್ಕೆ ಮುಂಚೆ ಬರುತ್ತಾ?” ಎಂದು ಖೋಲಾ ಕೇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು.

ಬರುವ ಶನಿವಾರ ಎಂದೆ. ಆದರೆ ಇನ್ನು ಬರೆಯುವುದಿಲ್ಲ, ಬಿಟ್ಟುಬಿಡುತ್ತೇನೆ ಎಂದೆ.

“ಬಿಡ್ಬೇಡ. ಬರಿ.”

“ಖೋಲಾ, ಇದು ಹೊಗಳಿ ಬರೆಯುವ ಅಂಕಣ. ಎಲ್ಲರ ಎದುರು ಹೀಗೆ ಹೇಗೆ ಬರೆಯಲಿ?”

“ಹೊಗಳಿದ್ರೆ ಅಕ್ಕಿ ತರ್ತಾರೆ,” ಎಂದರು. “ಇಸ್ತತ್ ಹಾಗೆ ಕರುಣೆ ತೋರಿಸೋರು ಇನ್ನೂ ಇದಾರೆ ಈ ಓಣೀಲಿ. ಎಲ್ಲರೂ ಒಳ್ಳೆಯೋರೇ. ಒಬ್ಬರು ಕೊಟ್ರೆ ನನಗೂ ಬೇಡ ಅನ್ನೋಕೆ ಆಗಲ್ಲ, ನಾಳೆ ಬೆಳಗ್ಗೆ ಬಿಸಿಲು ಬಂದ್ರೆ ನನ್ನ ಕೈ ಸುಮ್ನಿರಲ್ಲ. ಅದಕ್ಕೇ ಹೇಳ್ತಿರೋದು, ಬರಿ. ಮನೆಮನೆಗೆ ಹೋಗಿ ಹೇಳೋಕೆ ನನಗೆ ಬಾಯಿ ಬರಲ್ಲ. ಇಸ್ತತ್‌ಗೆ ಮಾತ್ರ ನಾನೇ ಹೇಳ್ತೀನಿ, ಅವಳು ನಿನ್ನ ಮೇಲೆ ಸಿಟ್ಟಾಗದ ಹಾಗೆ.”

ನಾನು ಪೆನ್ನು ತೆಗೆಯಲಿಲ್ಲ. ಅವರು ನನ್ನ ಮೊಣಕೈ ಹಿಡಿದು ಅಲ್ಲಾಡಿಸಿದರು.

ಆದ್ದರಿಂದ, ಅವರು ಹೇಳಿದಂತೆಯೇ ಬರೆಯುತ್ತಿದ್ದೇನೆ. ಬಾವಿಕಟ್ಟೆಯ ಓಣಿಯ ಬುಲೋರ್ ಅವರಿಗೆ ಇನ್ನು ಯಾರೂ ಪೇಸಾಹ್ ಅಕ್ಕಿ ಕೊಡಬಾರದು. ಕರುಣೆಯಿಂದಲೂ ಕೊಡಬಾರದು. ಹೋದ ವರ್ಷ ಅವರು ಆರಿಸಿದ್ದರಲ್ಲಿ ಏನಾದರೂ ಉಳಿದಿದ್ದರೆ ಅದನ್ನು ಹಬ್ಬಕ್ಕೆ ಬಳಸಬಾರದು. ಈ ಹಬ್ಬಕ್ಕೆ ಅವರ ಒಲೆಯ ಮೇಲೂ ಅಕ್ಕಿ ಇರುವುದಿಲ್ಲ. ಆರಿಸಿಕೊಡಿ ಎಂದು ಇನ್ನೊಬ್ಬರ ಮುಂದೆ ಚೀಲ ಹಿಡಿಯಲು ಅವರಿಗೆ ಮನಸ್ಸಿಲ್ಲ.

ಇಷ್ಟೇ ಸಾಕೇ ಎಂದು ಕೇಳಿದೆ.

“ಇನ್ನೊಂದು ಮಾತು ಹಾಕು,” ಎಂದರು. “ಗೊತ್ತಾದ ದಿನವೇ ಹೇಳಿದ್ಲು ಅಂತ ಬರಿ. ಒಂದು ದಿನವೂ ಮುಚ್ಚಿಡ್ಲಿಲ್ಲ ಅಂತ.”